ಹಗೇವಿಗೆ ಬಿಟ್ಟ ದೀಪ

ನನ್ನ ಮಗ ಸುಳ್ಳು ಹೇಳುವುದಿಲ್ಲ ಎಂದು ಮಿರಜಿನ ಅರ್ಧ ಪೇಟೆಗೆ ಹೇಳಿಕೊಂಡು ತಿರುಗಿದವಳು ನಾನು. ಸುಳ್ಳಲ್ಲ ಅದು. ಸಣ್ಣವನಿದ್ದಾಗ ಹಾಲಿನ ಪಾತೇಲಿ ಉರುಳಿಸಿದವರು ಯಾರು ಎಂದರೆ "ನಾನ" ಎಂದು ಮುಂದೆ ಬಂದು ನಿಲ್ಲುತ್ತಿದ್ದ. ಆದರೆ ಕೇಳಬೇಕು. ಕೇಳದಿದ್ದರೆ ಹಾಲು ಹೊಸ್ತಿಲು ದಾಟಿ ಹರಿದರೂ ಅವನ ಬಾಯಿಂದ ಒಂದಕ್ಷರ ಬರುತ್ತಿರಲಿಲ್ಲ. ಹನ್ನೆರಡನೆಯ ಇಯತ್ತೆಯ ಪರೀಕ್ಷೆಯ ನಿಕಾಲು ಬಂದು ವಾರ ಕಳೆದ ಮೇಲೆ, ಪೇಢೆ ತರಲೇನೋ ಎಂದು ನಾನೇ ಕೇಳಿದೆ. "ಬ್ಯಾಡ, ಗಣಿತದಾಗ ನಾಪಾಸ ಆಗೇನಿ" ಎಂದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, "ನೀ ಎಲ್ಲಿ ಕೇಳಿದೆವ್ವಾ?" ನನಗೆ ನಗು ತಡೆಯಲಾಗಲಿಲ್ಲ. ಅವರಪ್ಪ ನಗಲಿಲ್ಲ.

ಅವನಿಗೆ ಹತ್ತೊಂಬತ್ತಾದಾಗ ಸಾಂಗ್ಲಿ, ಮಿರಜ, ಕುಪವಾಡ ಮೂರನ್ನೂ ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡಿದರು. ಯಾರ ಹೆಸರು ಮೊದಲು ಬರಬೇಕು, ಯಾರ ನಳಕ್ಕೆ ನೀರು ಮೊದಲು ಬರಬೇಕು ಎಂದು ಚಹಾದಂಗಡಿಗಳಲ್ಲಿ ಒಂದೇ ಗದ್ದಲ. ಆ ಗಾಳಿ ನಮ್ಮ ಮನೆಗೂ ಬೀಸಿತು. ಸಾಂಗ್ಲಿಯಲ್ಲಿ ಭಾವನವರ ಅರಿಷಿಣದ ಅಂಗಡಿ, ಮಿರಜಿನಲ್ಲಿ ನಮ್ಮದು. ಊರೇ ಒಂದಾದ ಮೇಲೆ ಅಣ್ಣತಮ್ಮಂದಿರದು ಎರಡು ಯಾಕೆ ಎಂದು ನನ್ನ ಗಂಡ, ಭಾವ ಇಬ್ಬರೂ ಕೂತು ಮಾತಾಡಿ ಸಾಂಗ್ಲಿಯಲ್ಲಿ ಒಂದೇ ಅಂಗಡಿ ಮಾಡಿದರು. ಎರಡು ತಕ್ಕಡಿ ಹೋಗಿ ಒಂದಾಯಿತು. ಎರಡು ಅಂಗಡಿಯ ಲಕ್ಷ್ಮಿಯರು ಒಂದೇ ಹಲಗೆಯ ಮೇಲೆ ಒತ್ತಿಕೊಂಡು ಕೂತರು. ಎರಡು ಮೋಟರ್‌ಸೈಕಲ್ಲಿನಲ್ಲಿ ಒಂದನ್ನು ಮಾರುವುದೆಂದಾಯಿತು, ಮಾರಿದ್ದು ನಮ್ಮದನ್ನು.

ಆ ಗಾಡಿ ನನ್ನ ಮಗನ ಜೀವ. ಕುಪವಾಡದ ಕಾರ್ಖಾನೆಗಳ ಹತ್ತಿರ ತಿರುಗಿ ಬಿಡಿಭಾಗ ಹುಡುಕಿ ತಂದು, ಅಂಗಳದಲ್ಲಿ ಬಿಚ್ಚಿ ಹರವಿ, ತಾನೇ ಜೋಡಿಸಿದ್ದ. ಕೊಂಡವನು ಬಂದು ಒದ್ದರೂ ಗಾಡಿ ಶುರುವಾಗಲಿಲ್ಲ. "ಹೆಂಗೋ ತಮ್ಮಾ ಇದು?" ಎಂದು ಅವನು ಕೇಳಿದ. ಇವನು ಹೋಗಿ ತೋರಿಸಿಕೊಟ್ಟು ಬಂದು ಊಟಕ್ಕೆ ಕೂತ. ಉಳಿದ ಗಾಡಿ ಭಾವನ ಮಗನ ಕೈಗೆ ಹೋಯಿತು. ಅಂಗಡಿಯ ಗಾದಿಯ ಮೇಲೂ ಅವನೇ ಕೂತ, ವರ್ಷಕ್ಕೆ ಹಿರಿಯ ಎಂದು. ಕೆಟ್ಟ ಹುಡುಗನಲ್ಲ. ಮಾತು ಜಾಸ್ತಿ, ಮಿರಜಿನವರ ಮಂದಬುದ್ಧಿಯ ಬಗ್ಗೆ ಚೇಷ್ಟೆ ಜಾಸ್ತಿ.

ಮುಂಚೆ ಇಬ್ಬರೂ ಮರಾಠಿಯಲ್ಲಿ ಬೈದಾಡಿ ಕನ್ನಡದಲ್ಲಿ ನನ್ನ ಹತ್ತಿರ ಫಿರ್ಯಾದಿ ತರುತ್ತಿದ್ದರು. ಈಗ ಅದೂ ನಿಂತಿತು. ಭಾವನ ಮಗನನ್ನು "ದಾದಾ" ಎನ್ನುತ್ತಿದ್ದ ನನ್ನ ಮಗ "ಅಂವ" ಎನ್ನತೊಡಗಿದ, ಆಮೇಲೆ ಅದನ್ನೂ ಬಿಟ್ಟ. ಹಬ್ಬದ ಪಂಕ್ತಿಯಲ್ಲಿ ಪಕ್ಕದವನು ಚಟ್ನಿ ಕೇಳಿದರೆ ಕೊಡುವನು, ತಾನಾಗಿ ಏನೂ ಸರಿಸುವುದಿಲ್ಲ. ಮನೆಯಲ್ಲೂ ಜಗಳವಿಲ್ಲ, ಬಾಗಿಲು ಬಡಿಯುವುದಿಲ್ಲ, ಎಲ್ಲಕ್ಕೂ "ಆತು". ಹರೆಯದ ಹುಡುಗ ಇಷ್ಟು ಸಾಧುವಾದರೆ ಬೇರೆ ತಾಯಂದಿರು ದೇವರಿಗೆ ಕಾಯಿ ಒಡೆಸುತ್ತಿದ್ದರೇನೋ. ನನಗೆ ಮಾತ್ರ ಅದು ಸರಿ ಕಾಣಲಿಲ್ಲ.

"ಅಂವ ಮಾತು ಬಿಟ್ಟಾನ್ರಿ. ನನಗ್ಯಾಕೋ ಅಂಜಿಕಿ ಬರಾಕತ್ತೈತಿ" ಎಂದು ಗಂಡನಿಗೆ ಹೇಳಿದೆ.

"ಹುಡುಗರವು. ತಾವ ಸರಿ ಹೋಗ್ತಾವ. ನೀ ಸುಮ್ನ ತಲಿ ಕೆಡಿಸ್ಕೋಬ್ಯಾಡ" ಎಂದರು.

ನಮ್ಮ ಅರಿಷಿಣ ಇರುತ್ತಿದ್ದದ್ದು ಗೋದಾಮಿನಲ್ಲಲ್ಲ, ನೆಲದೊಳಗೆ. ಹರಿಪುರದ ಕಡೆಯ ಹೊಲಗಳಲ್ಲಿ ಆಳವಾದ ಕುಣಿ ತೋಡಿ, ಕಬ್ಬಿನ ಒಣಗರಿಯ ರವದಿ ಹಾಸಿ, ಅರಿಷಿಣ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮರಾಠಿಯವರು ಪೇವ ಅನ್ನುತ್ತಾರೆ, ನಾವು ಹಗೇವು. ಒಳಗಿನ ಅರಿಷಿಣಕ್ಕೆ ಹುಳ ಹತ್ತುವುದಿಲ್ಲ, ಯಾಕೆಂದರೆ ಅಲ್ಲಿ ಹುಳ ಬದುಕುವಷ್ಟೂ ಗಾಳಿ ಇರುವುದಿಲ್ಲ. ತೆರೆದ ಕೂಡಲೇ ಇಳಿದ ಮನುಷ್ಯ ಕೂಗುವ ಮೊದಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನ ಗತಿಯೂ ಅಷ್ಟೇ. ಅದಕ್ಕೇ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುತ್ತಾರೆ. ಉರಿಯುತ್ತಿದ್ದರೆ ಇಳಿಯಬಹುದು, ಆರಿದರೆ ಕಾಯಬೇಕು. ಸಾಂಗ್ಲಿ ಅಂಗಡಿಯವರು ಹಿಂದಿನ ಸಂಜೆಯೇ ಬಾಯಿ ತೆಗೆಸಿ ಮುಂಜಾನೆ ಇಳಿಯುವವರು. ನಮ್ಮವರು ಮುಂಜಾನೆ ತೆಗೆಸಿ ಇಳಿಹೊತ್ತಿಗೆ ಇಳಿಯುವವರು. ಕೂಡಿದ ಮೇಲೆ ಯಾವ ಪದ್ಧತಿ ಎಂದು ಯಾರೂ ಮಾತಾಡಿರಲಿಲ್ಲ. ಅಂಗಡಿಯ ಬೋರ್ಡಿಗೆ ಯಾವ ಬಣ್ಣ ಎಂದು ಮಾತ್ರ ವಾರಗಟ್ಟಲೆ ವಾದ ನಡೆದಿತ್ತು.

ಕೂಡಿದ ಅಂಗಡಿಯ ಮೊದಲ ಹಗೇವು ತೆರೆಯುವ ದಿನ ಬಂತು. ಹಮಾಲರು ಮುಟ್ಟುವ ಮೊದಲು ಮನೆಯ ಹುಡುಗನೊಬ್ಬ ಇಳಿದು, ಮೊದಲ ಬೊಗಸೆ ಅರಿಷಿಣ ತಂದು ಪೂಜೆಗೆ ಇಡುವುದು ನಮ್ಮಲ್ಲಿ ರೂಢಿ. ಹಿರಿಯನೆಂದು ಭಾವನ ಮಗನೇ ಇಳಿಯುವುದೆಂದಾಯಿತು. ಆಳುಗಳನ್ನು ಕರೆದುಕೊಂಡು ಮುಂದಾಗಿ ಹೋಗಿ ಬಾಯಿ ತೆಗೆಸಿಡುವ ಕೆಲಸ ನನ್ನ ಮಗನಿಗೆ ಬಂತು. ನಾನು, ನನ್ನ ವಾರಗಿತ್ತಿ ಅಂದರೆ ಭಾವನ ಹೆಂಡತಿ, ಅವಳ ಮಗ, ಮೂವರೂ ಆರತಿ ತಟ್ಟೆ ಹಿಡಿದು ರಿಕ್ಷಾದಲ್ಲಿ ಹೋದೆವು. ಇನ್ನೂ ಮುಂಜಾನೆಯ ಬಿಸಿಲು.

ಹೋಗಿ ನೋಡಿದರೆ ನಮ್ಮ ಮಿರಜಿನ ಆಳುಗಳು ದೂರದ ಜಾಲಿಗಿಡದ ಕೆಳಗೆ ರೊಟ್ಟಿಯ ಗಂಟು ಬಿಚ್ಚಿಕೊಂಡು, ಇಳಿಹೊತ್ತಿನವರೆಗೆ ಕೆಲಸವಿಲ್ಲ ಎಂಬಂತೆ ಆರಾಮವಾಗಿ ಕೂತಿದ್ದರು. ಹಗೇವಿನ ಬಾಯಿ ತೆರೆದಿತ್ತು. ಕಿತ್ತು ಹಾಕಿದ ಮಣ್ಣಿನ ಗುಡ್ಡೆಯ ಮೇಲೆ ನನ್ನ ಮಗ ಕೂತಿದ್ದ. ಭಾವನ ಮಗ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಗೂಟಕ್ಕೆ ಕಟ್ಟಿದ ಹಗ್ಗ ಜಗ್ಗಿ ನೋಡಿದ. ತಟ್ಟೆಯಲ್ಲಿ ದೀಪ ಹಚ್ಚುತ್ತಿದ್ದ ನಾನು ತಲೆ ಎತ್ತಿದೆ. ಮಗನ ಕಾಲಡಿಯ ಮಣ್ಣು ಇನ್ನೂ ಹಸಿಯಾಗಿತ್ತು. ಅವನು ಅಣ್ಣನ ಕಾಲನ್ನೇ ನೋಡುತ್ತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದ.

"ದೀಪಾ ಬಿಟ್ಟು ನೋಡೀರೇನು?" ಎಂದೆ.

"ನಿನ್ನಿ ಸಂಜಿಯಿಂದ ತೆರದೈತೆಲ್ಲಾ ಕಾಕು, ದೀಪಾ ಯಾಕ?" ಎಂದ ಭಾವನ ಮಗ. ಒಂದು ಕಾಲು ಆಗಲೇ ಒಳಗಿತ್ತು.

"ಕಾಲು ಮ್ಯಾಲ ತಗೀ!" ನಾನು ಕಿರುಚಿದ್ದಕ್ಕೆ ಜಾಲಿಗಿಡದ ಕೆಳಗಿನವರೂ ಎದ್ದು ನಿಂತರು.

ಕಂದೀಲು ಎಲ್ಲಿ? ಸಾಂಗ್ಲಿಯದು ಸಾಂಗ್ಲಿಯಲ್ಲಿ, ಮಿರಜಿನದು ಮಿರಜಿನಲ್ಲಿ. ಎರಡು ಅಂಗಡಿ ಕೂಡಿಸಿದ ಜಾಣರು ಒಂದನ್ನೂ ಕಳಿಸಿರಲಿಲ್ಲ. ಆರತಿಯ ದೀಪವನ್ನೇ ಬುಟ್ಟಿಯಲ್ಲಿಟ್ಟು ಹಗ್ಗ ಬಿಡತೊಡಗಿದೆ. "ಅಯ್ಯ ನಮ್ಮವ್ವಾ, ಪೂಜಾದ ದೀಪ ಐತಿ ಅದು!" ಎಂದು ವಾರಗಿತ್ತಿ ಕೈ ಹಿಡಿದಳು. ಕೊಡವಿಕೊಂಡೆ. ಬುಟ್ಟಿ ಆಳೆತ್ತರವೂ ಇಳಿದಿರಲಿಲ್ಲ, ದೀಪ ಆರಿತು. ಗಾಳಿಯಿಲ್ಲ, ಕುಡಿ ಅಲುಗಲಿಲ್ಲ, ಸುಮ್ಮನೆ ಆರಿತು. "ಅಪಶಕುನಾತು" ಎಂದ ವಾರಗಿತ್ತಿಗೆ ದೀಪ ಯಾಕೆ ಆರಿತೆಂದು ಆಮೇಲೆ ತಿಳಿಯಿತು. ತನ್ನ ಮಗನ ಕಾಲು ತಬ್ಬಿಕೊಂಡು ಅಲ್ಲೇ ನೆಲದ ಮೇಲೆ ಕೂತಳು.

ಅವನು ನನ್ನ ಮಗನ ಕಡೆ ತಿರುಗಿ, ಯಾವಾಗ ತೆರೆದದ್ದು ಎಂದು ಮರಾಠಿಯಲ್ಲಿ ಕೇಳಿದ. ಎಷ್ಟೋ ತಿಂಗಳ ಮೇಲೆ ಅವರ ನಡುವೆ ಬಂದ ಮೊದಲ ಮಾತು ಅದು.

"ಈಗಷ್ಟ" ಎಂದ ನನ್ನ ಮಗ.

ಅವನ ರಟ್ಟೆ ಹಿಡಿದು ಆಚೆ ಎಳೆದುಕೊಂಡು ಹೋದೆ. "ನಿನಗ ಗೊತ್ತಿತ್ತು. ಯಾಕ ಹೇಳಲಿಲ್ಲ?" ಹೊಡೆಯಲು ಕೈ ಎತ್ತಿದ್ದೆ.

"ಅಂವ ಎಲ್ಲಿ ಕೇಳಿದ್ನವ್ವಾ?"

ಗಣಿತದ ದಿನದ್ದೇ ಮಾತು, ಅದೇ ದನಿ. ಎತ್ತಿದ ಕೈ ಹಾಗೇ ಇಳಿಯಿತು. ನನ್ನ ಮಗನನ್ನು ಕಂಡು ನನಗೇ ಹೆದರಿಕೆಯಾಯಿತು, ಇದನ್ನು ಬೇರೆ ಹೇಗೂ ಹೇಳಲಾರೆ.

ಮರುದಿನ ವಾರಗಿತ್ತಿ ಮನೆಗೆ ಕರೆದು ನನಗೆ ಉಡಿ ತುಂಬಿದಳು. "ನನ್ನ ಮಗನ್ನ ಉಳಿಸಿಕೊಟ್ಟೆ ತಂಗಿ" ಎಂದು ಅತ್ತಳು. ಅಕ್ಕಿಯ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತವನು ನನ್ನ ಮಗ. ಹಿಡಿ ಎಂದು ಆಕೆಯೇ ಹೇಳಿದ್ದಳು, ಹಿಡಿದಿದ್ದ.

ಹಗೇವುಗಳು ಮುಂದೆ ಮಹಾಪೂರದ ನೀರಿಗೆ ಹೋದವು. ಅಣ್ಣತಮ್ಮ ಇಬ್ಬರೂ ಇಂದಿಗೂ ಒಂದೇ ಅಂಗಡಿಯಲ್ಲಿದ್ದಾರೆ, ಮಾತಾಡುತ್ತಾರೆ, ನಗುತ್ತಾರೆ. ಮುಂಜಾನೆ ಹೊರಡುವಾಗ ಮಗನನ್ನು ನಾನು ಇನ್ನೂ ಬಾಗಿಲಲ್ಲಿ ನಿಲ್ಲಿಸಿ ನೂರು ಕೇಳುತ್ತೇನೆ: ಎಲ್ಲಿಗೆ, ಯಾರ ಜೊತೆ, ಮನಸ್ಸಿನಲ್ಲೇನಿದೆ. ಸೊಸೆ ನಗುತ್ತಾಳೆ. ಅವನು ಬೇಸರಿಸದೆ ಕೇಳಿದ್ದಕ್ಕೆಲ್ಲ ಹೇಳುತ್ತಾನೆ, ಇದ್ದದ್ದನ್ನು ಇದ್ದಂತೆ. ಆ ಮುಂಜಾನೆ ನಾನು ತಲೆ ಎತ್ತದಿದ್ದರೆ ನೀನು ಕೂಗಿ ತಡೆಯುತ್ತಿದ್ದೆಯಾ ಎಂಬುದೊಂದನ್ನು ಮಾತ್ರ ಕೇಳಿಲ್ಲ. ಕೇಳಿದರೆ ನಿಜ ಹೇಳಿಬಿಡುತ್ತಾನೆ.