ನಲ್ಲಿ ನೀರು ಕುಡಿಯಬೇಡಿ

ನೀರು ಸರಬರಾಜು ಕಚೇರಿಯ ಫೇಸ್‌ಬುಕ್ ಪುಟವನ್ನು ನೋಡಿಕೊಳ್ಳಲು ಅಧಿಕಾರಿಗಳಲ್ಲಿ ಒಬ್ಬರೂ ಒಪ್ಪದಿದ್ದಾಗ, ಬಾಗಿಲ ಬಳಿ ಕೂತಿದ್ದ ಟೈಪಿಸ್ಟ್ ಮೇಲೆ ಎಲ್ಲರ ಕಣ್ಣು ಬಿತ್ತು. "ಹೇಗೂ ಮೊಬೈಲ್ ಕೈಲೇ ಇರುತ್ತಲ್ಲಮ್ಮ, ನೀನೇ ನೋಡ್ಕೋ" ಎಂದುಬಿಟ್ಟರು ಸಾಹೇಬರು. ಅಲ್ಲಿಯವರೆಗೆ ಆ ಪುಟದಲ್ಲಿದ್ದದ್ದು ಸಾಹೇಬರು ರಿಬ್ಬನ್ ಕತ್ತರಿಸುವ ಫೋಟೋಗಳು, ಕೆಳಗೆ ಜನರ ಬೈಗುಳ. ಬೈಗುಳಕ್ಕೆ ಉತ್ತರ ಕೊಡಬಾರದೆಂದು ಯಾರೂ ಹೇಳಿರಲಿಲ್ಲವಾದ್ದರಿಂದ ಅವಳು ಕೊಡತೊಡಗಿದಳು. ಪೈಪು ಮಧ್ಯಾಹ್ನ ಸರಿಹೋಗುತ್ತದೆ ಎಂದು ಬರೆದರೆ, ಫಿಟ್ಟರ್‌ನ ಬೆನ್ನು ಹತ್ತಿ ಸರಿಮಾಡಿಸುತ್ತಿದ್ದಳು. ಆಗದಿದ್ದರೆ ಆಗಲಿಲ್ಲವೆಂದೇ ಬರೆಯುತ್ತಿದ್ದಳು. ಬೈಯುತ್ತಿದ್ದವರು ಮೆಲ್ಲಗೆ ಕೇಳುವವರಾದರು. ಕಚೇರಿಯಲ್ಲಿ ಅವಳಿಗೆ 'ಉತ್ತರಕ್ಕ' ಎಂದೇ ಹೆಸರಾಯಿತು.

ಅವತ್ತು ಬೆಳಿಗ್ಗೆ ಕುರ್ಚಿ ಎಳೆದುಕೊಳ್ಳುವ ಮೊದಲೇ ಸಂದೇಶ ಬಂತು: "ಮೇಡಂ, ನಲ್ಲಿ ನೀರು ಸೀಮೆಎಣ್ಣೆ ವಾಸನೆ ಹೊಡೀತಿದೆ." ಜೊತೆಗಿದ್ದ ಫೋಟೋದಲ್ಲಿ ಬಕೆಟ್ಟಿನ ನೀರಿನ ಮೇಲೆ ಎಣ್ಣೆಯ ಪದರ ಬಣ್ಣಬಣ್ಣವಾಗಿ ತೇಲುತ್ತಿತ್ತು. ಬೇರೆ ಬೀದಿಯಿಂದ ಇನ್ನೊಂದು ಬಂತು. ಆಮೇಲೆ ಒಬ್ಬ ತಾಯಿ ಬರೆದಳು: "ಮಗು ಕುಡಿದು ವಾಂತಿ ಮಾಡ್ತಿದೆ."

ಅವಳು ಸಾಹೇಬರ ಕೋಣೆಗೆ ಓಡಿದಳು.

"ನಂಗೂ ಫೋನ್ ಬಂದಿತ್ತು, ನೀರು ಲ್ಯಾಬಿಗೆ ಹೋಗಿದೆ. ರಿಪೋರ್ಟ್ ಬರೋವರೆಗೂ ಒಂದಕ್ಷರ ಹಾಕ್ಬೇಡ" ಎಂದರು ಅವರು. "ಹೋದ ವರ್ಷದ್ದು ಮರೆತ್ಯಾ?"

ಮರೆತಿರಲಿಲ್ಲ. ನೀರಿಗೆ ವಿಷ ಬಿದ್ದಿದೆಯೆಂದು ಯಾರೋ ಹಬ್ಬಿಸಿದ ಸುಳ್ಳಿಗೆ ಜನ ಅಂಗಡಿಗಳ ಮುಂದೆ ಬಾಟಲಿ ನೀರಿಗಾಗಿ ಹೊಡೆದಾಡಿದ್ದರು. ಒಬ್ಬನ ಕೈ ಮುರಿದಿತ್ತು. ಸಾಹೇಬರ ಮಾತಿನಲ್ಲಿ ಹುರುಳಿತ್ತು.

"ರಿಪೋರ್ಟ್ ಯಾವಾಗ ಬರುತ್ತೆ ಸಾರ್?"

"ಸಂಜೆ."

ವರಾಂಡದಲ್ಲಿ ಅವಳ ಬೆರಳುಗಳು ತಾವಾಗಿಯೇ ತಂಗಿಯ ನಂಬರ್ ಒತ್ತಿದವು. "ನಲ್ಲಿ ನೀರು ಮುಟ್ಬೇಡ ಕಣೇ. ಪಾಪುಗೆ ಹಾಲು ಕಲಸಿದ್ರೆ ಚೆಲ್ಲಿಬಿಡು."

"ಯಾಕಕ್ಕ, ಏನಾಯ್ತು?"

"ಮೊದ್ಲು ಚೆಲ್ಲು!"

"ಸರಿ, ಸರಿ. ಪಕ್ಕದ ಮನೆಯವ್ರಿಗೂ ಹೇಳ್ಲಾ?"

"ಹೇಳು" ಎಂದಳು. ತಂಗಿಯ ಮಗುವಿಗೊಂದು ನ್ಯಾಯ, ಊರ ಮಕ್ಕಳಿಗೊಂದು ನ್ಯಾಯವೇ? ಫೋನಿಟ್ಟಳು. ತನ್ನ ಜಾಗಕ್ಕೆ ಬಂದು ಪುಟದಲ್ಲಿ ಬರೆದಳು: "ನಲ್ಲಿ ನೀರು ಕುಡಿಯಬೇಡಿ, ಅಡುಗೆಗೂ ಬಳಸಬೇಡಿ. ಕೆಲವು ಕಡೆ ಎಣ್ಣೆಯ ವಾಸನೆ ಬರುತ್ತಿದೆ. ಕಾರಣ ನಮಗೂ ಇನ್ನೂ ಗೊತ್ತಿಲ್ಲ. ನಿಮ್ಮ ಬೀದಿ ಯಾವುದು, ವಾಸನೆ ಇದೆಯೋ ಇಲ್ಲವೋ ಬರೆಯಿರಿ. ಫೋನಿಲ್ಲದ ನೆರೆಯವರಿಗೆ ಹೋಗಿ ಹೇಳಿ." ಕಣ್ಣುಮುಚ್ಚಿ ಒತ್ತಿಬಿಟ್ಟಳು.

ಉತ್ತರಗಳು ಸುರಿದವು. ಅವಳು ಜೋರಾಗಿ ಓದುತ್ತ ಹೋದಳು. ಫಿಟ್ಟರ್ ಗೋಡೆಯಲ್ಲಿದ್ದ ಊರಿನ ಪೈಪುಗಳ ನಕ್ಷೆಯ ಮೇಲೆ ವಾಸನೆಯಿದ್ದ ಬೀದಿಗೆ ಕೆಂಪು, ಇಲ್ಲದ ಬೀದಿಗೆ ನೀಲಿ ಗುರುತು ಹಾಕುತ್ತ ಹೋದ. ನಡುವೆ ಒಬ್ಬ, ದೊಡ್ಡ ಟ್ಯಾಂಕಿಗೇ ಯಾರೋ ವಿಷ ಹಾಕಿದ್ದಾರೆ ಎಂದು ಪುಟದಲ್ಲಿ ಬರೆದು ಬೆಂಕಿ ಹಚ್ಚಲು ನೋಡಿದ. "ಟ್ಯಾಂಕಿನ ಪಕ್ಕದ ಬೀದಿಗಳಲ್ಲಿ ವಾಸನೆಯೇ ಇಲ್ಲ, ಅಲ್ಲಿನವರೇ ಮೇಲೆ ಬರೆದಿದ್ದಾರೆ, ಓದಿ" ಎಂದಳು. ಅವನು ಸುಮ್ಮನಾದ.

ಬಾಗಿಲು ಧಡಾರನೆ ತೆರೆಯಿತು. "ಯಾರನ್ನ ಕೇಳಿ ಹಾಕ್ದೆ? ತೆಗಿ ಅದನ್ನ!" ಸಾಹೇಬರ ಮುಖ ಕೆಂಪೇರಿತ್ತು.

ಅವಳು ತೆಗೆಯಲಿಲ್ಲ. "ತೆಗೆದ್ರೆ ನೀರು ಸರಿಹೋಯ್ತು ಅಂದ್ಕೋತಾರೆ ಸಾರ್. ಕುಡೀತಾರೆ."

ಫಿಟ್ಟರ್ ನಕ್ಷೆಯಿಂದ ತಲೆಯೆತ್ತದೆ, "ಸಾರ್, ಕೆಂಪೆಲ್ಲ ಒಂದೇ ಪೈಪಿನ ಮೇಲಿದೆ. ಗ್ಯಾರೇಜಿನ ಹಿಂದಿಂದು" ಎಂದ.

ಸಾಹೇಬರು ನಕ್ಷೆಯನ್ನು ದಿಟ್ಟಿಸಿದರು. "ಓಡು, ವಾಲ್ವ್ ಮುಚ್ಚು" ಎಂದು ಅವನನ್ನು ಅಟ್ಟಿ ಇವಳತ್ತ ತಿರುಗಿದರು. "ಟ್ಯಾಂಕರ್ ಎಲ್ಲೆಲ್ಲಿ ನಿಲ್ಲುತ್ತೆ ಅಂತಾನೂ ಹಾಕು. ನಿನ್ನ ಮೆಮೋ ಆಮೇಲೆ."

ಗ್ಯಾರೇಜಿನವರು ನೆಲದಡಿ ಹೂತಿದ್ದ ಡೀಸೆಲ್ ಟ್ಯಾಂಕು ಸೋರಿ, ಎಣ್ಣೆ ಬಿರುಕುಬಿಟ್ಟ ನೀರಿನ ಪೈಪಿಗೆ ಸೇರಿತ್ತು. ಸಂಜೆಯ ರಿಪೋರ್ಟೂ ಅದನ್ನೇ ಹೇಳಿತು. ವಾಂತಿ ಮಾಡುತ್ತಿದ್ದ ಮಗು ಚೇತರಿಸಿಕೊಂಡಿತು. ಮರುದಿನ ಮೆಮೋ ಬಂತು. ಸಾಹೇಬರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಅವಳು ಸಹಿ ಹಾಕಿ ತೆಗೆದುಕೊಂಡಳು.

ಆದರೆ ಆ ಪೈಪಿನ ಕೊನೆಯ ಓಣಿಯಲ್ಲಿ ಒಂಟಿಯಾಗಿದ್ದ ದರ್ಜಿ ಅಜ್ಜಿಗೆ ಯಾರೂ ಹೇಳಿರಲಿಲ್ಲ. ಅವರು ಆ ನೀರು ಕುಡಿದು ಆಸ್ಪತ್ರೆ ಸೇರಿದ್ದರು. ಅವಳು ನೋಡಲು ಹೋದಾಗ ಅಜ್ಜಿ ಗ್ಲೂಕೋಸ್ ಬಾಟಲಿಯ ಕೆಳಗೆ ಸೊರಗಿ ಮಲಗಿದ್ದರು.

"ಎಲ್ಲಾರ ಫೋನಿಗೂ ಬಂದಿತ್ತಂತಲ್ಲಮ್ಮ" ಎಂದರು ಕ್ಷೀಣವಾಗಿ. "ನನಗೆ ಮೂಗು ಸತ್ತು ಎಷ್ಟೋ ವರ್ಷ ಆಯ್ತು. ಯಾರಾದ್ರೂ ಬಾಗಿಲು ತಟ್ಟಿದ್ರೆ ಸಾಕಿತ್ತು."

ಅವಳು ಅಜ್ಜಿಯ ಹೊದಿಕೆ ಸರಿಮಾಡಿ ಹೊರಗೆ ಬಂದು, ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಪುಟದಲ್ಲಿ ಬರೆದಳು: "ಮುಂದಿನ ಸಲ ನಿಮ್ಮ ಬೀದಿಯಲ್ಲಿ ಬಾಗಿಲು ತಟ್ಟುವವರು ಯಾರು? ಹೆಸರು ಕೊಡಿ." ಮೊದಲ ಹೆಸರು ಅಜ್ಜಿಯ ಓಣಿಯಿಂದಲೇ ಬಂತು. ಅಜ್ಜಿ ಬೇಗ ಗುಣವಾಗಿ ಬರಲಿ, ಅವರ ಮನೆಗೆ ನಾನೇ ಹೋಗುತ್ತೇನೆ ಎಂದು ಬರೆದಿದ್ದಳು ಆಚೆ ಮನೆಯ ಸೊಸೆ.