ತಲೆಗೆ ಇಸ್ತ್ರಿ ಹಾಕಿಸಿಕೊಂಡ ಭಾನುವಾರ

ಆಗೆಲ್ಲ ಕೂದಲು ನೇರ ಮಾಡಿಸುವುದಕ್ಕೆ ಕೃಷ್ಣರಾಜಪೇಟೆಯಲ್ಲಿ ಪಾರ್ಲರು ಇತ್ತೋ ಇಲ್ಲವೋ, ಇದ್ದಿದ್ದರೂ ನಮ್ಮಂಥವರಿಗೆ ಅದರ ದಾರಿ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದುದು ಕೊಬ್ಬರಿ ಎಣ್ಣೆ, ಸೀಗೆಪುಡಿ, ಕೆಂಪು ಟೇಪು ಮತ್ತು ಎರಡು ಜಡೆ. ಈ ನಾಲ್ಕಕ್ಕೂ ಬಗ್ಗದ ಕೂದಲು ನಮ್ಮ ಐದನೇ ಕ್ಲಾಸಿನಲ್ಲಿ ಒಬ್ಬಳಿಗೆ ಮಾತ್ರ ಇತ್ತು. ಆ ಒಬ್ಬಳು ನಾನು.

ಗುಂಗುರು ಕೂದಲೆಂದರೆ ಸಿನಿಮಾದವರ ಹಾಗೆ ಸುರುಳಿ ಸುರುಳಿಯಾಗಿ ಇಳಿಯುವುದು ಎಂದುಕೊಳ್ಳಬೇಡಿ. ನನ್ನದು ಒಣಗಿದರೆ ತೆಂಗಿನ ನಾರು, ಒದ್ದೆಯಾದರೆ ಕುರಿಯ ತುಪ್ಪಟ. ಬೆಳಿಗ್ಗೆ ಸಿಕ್ಕಿನ ಮೇಲೇ ನಾನೇ ಸುತ್ತಿಕೊಂಡ ಜಡೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಿಚ್ಚಿ ನಿಂತಿರುತ್ತಿತ್ತು. ಕುಂಟೆಬಿಲ್ಲೆ ಆಡುವಾಗ ಕುಪ್ಪಳಿಸಿದರೆ, ‘ಇವಳಿಗಿಂತ ಮುಂಚೆ ಇವಳ ತಲೆ ಗೆರೆ ತುಳಿಯಿತು’ ಎಂದು ನನ್ನನ್ನು ಔಟು ಮಾಡುತ್ತಿದ್ದರು. ಕೊನೆಗೆ ನಾನು ಆಟಕ್ಕೆ ಹೋಗುವುದನ್ನೇ ಬಿಟ್ಟೆ. ಅವರೂ ಕರೆಯಲಿಲ್ಲ.

ಅಪ್ಪನದೂ ಇದೇ ತಲೆಯಂತೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪ ಜ್ವರದಲ್ಲಿ ತೀರಿಹೋದರು. ಅವ್ವ ಪಾಂಡವಪುರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ಅಡುಗೆಯವಳಾಗಿ ಸೇರಿಕೊಂಡಳು. ರಾತ್ರಿ ಅಲ್ಲೇ ಉಳಿಯಬೇಕು, ಮಗುವನ್ನು ಜೊತೆಗಿಟ್ಟುಕೊಳ್ಳುವಂತಿಲ್ಲ. ಹಾಗಾಗಿ ನನ್ನನ್ನು ಪೇಟೆಯಲ್ಲಿದ್ದ ತನ್ನ ಅಕ್ಕನ ಮನೆಯಲ್ಲಿ ಬಿಟ್ಟಳು. ದೊಡ್ಡವ್ವ ಕೆಟ್ಟವಳಲ್ಲ. ಎರಡು ಸೀಮೆಹಸು ಕಟ್ಟಿಕೊಂಡು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಿದ್ದ ಅವಳಿಗೆ ತನ್ನ ತಲೆ ಬಾಚಿಕೊಳ್ಳಲೂ ಪುರುಸೊತ್ತಿರಲಿಲ್ಲ. ನನ್ನ ತಲೆ ಕಂಡರಂತೂ ದೂರದಿಂದಲೇ ಕೈ ಮುಗಿಯುತ್ತಿದ್ದಳು.

“ನಾನಂತೂ ಅದುಕ್ಕೆ ಕೈ ಇಕ್ಕಾಕಿಲ್ಲ ಕನವ್ವ. ನಿಮ್ಮವ್ವ ಬತ್ತಾಳೆ, ಬಾಚ್ತಾಳೆ ಬುಡು.”

ಅವ್ವ ಬರುತ್ತಿದ್ದುದು ಭಾನುವಾರ. ಹಾಸ್ಟೆಲಿನ ಬೆಳಗಿನ ತಿಂಡಿ ಮುಗಿಸಿ, ಚಿನಕುರಳಿ ಮೇಲೆ ಬರುವ ಬಸ್ಸು ಹತ್ತಿ ಹತ್ತು ಗಂಟೆಗೆಲ್ಲ ಬಂದುಬಿಡುತ್ತಿದ್ದಳು. ನಾಲ್ಕು ಗಂಟೆಯ ಬಸ್ಸಿಗೆ ವಾಪಸ್ಸು. ಬಂದವಳೇ ಕಡ್ಲೆಪುರಿ ಪೊಟ್ಟಣ ನನ್ನ ಕೈಗಿಟ್ಟು, ಹಿತ್ತಲಿನ ದಾಸವಾಳದ ಸೊಪ್ಪು ಕಿತ್ತು ಲೋಳೆ ಹಿಂಡುತ್ತಿದ್ದಳು. ಅದನ್ನು ತಲೆಗೆ ಮೆತ್ತಿ, ಜಗಲಿಯ ಮೇಲೆ ತಾನು ಕೂತು, ಕೆಳಗಿನ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿಕೊಂಡು ಸಿಕ್ಕು ಬಿಡಿಸಲು ಶುರುಮಾಡುತ್ತಿದ್ದಳು. ವಾರವೆಲ್ಲ ಯಾರೂ ಬಾಚದ ತಲೆ. ತುದಿಯಿಂದ ಹಿಡಿದು ಬುಡದ ತನಕ ಎಳೆ ಎಳೆಯಾಗಿ ಬಿಡಿಸಬೇಕು. ಎರಡು ಗಂಟೆ ಹೊತ್ತು ಹಿಡಿಯುತ್ತಿತ್ತು, ಕೆಲವು ಸಲ ಇನ್ನೂ ಜಾಸ್ತಿ.

ಅವ್ವ ಮಾತಿನವಳಲ್ಲ. ಎದುರಿಗೆ ಕೂತರೆ ‘ಊಂ’, ‘ಅಂಗಾ’ ಬಿಟ್ಟರೆ ಅವಳ ಬಾಯಿಂದ ಏನೂ ಹೊರಡುತ್ತಿರಲಿಲ್ಲ. ಆದರೆ ನನ್ನ ಬೆನ್ನು ಅವಳ ಕಡೆಗಿದ್ದು, ಕೈಯಲ್ಲಿ ನನ್ನ ಕೂದಲು ಇದ್ದಾಗ ಮಾತ್ರ ಅವಳು ಹೇಳುತ್ತಲೇ ಹೋಗುತ್ತಿದ್ದಳು. ನಾಗಮಂಗಲದ ಕಡೆಯಿಂದ ಹಾಸ್ಟೆಲಿಗೆ ಬಂದ ಹುಡುಗಿಯೊಬ್ಬಳು ಮನೆ ನೆನಪಾಗಿ ಮುದ್ದೆ ನುಂಗಲಾರದೆ ಅತ್ತಿದ್ದು, ಅವ್ವ ಚಿಕ್ಕವಳಿದ್ದಾಗ ಕಬ್ಬಿನ ಗದ್ದೆಯಲ್ಲಿ ದಾರಿ ತಪ್ಪಿ ಸಂಜೆಯ ತನಕ ಅಲ್ಲೇ ಕೂತಿದ್ದು, ಅಪ್ಪ ಮೊದಲ ಸಲ ಹೆಣ್ಣು ನೋಡಲು ಬಂದಾಗ ತಲೆಗೆ ಅಷ್ಟು ಎಣ್ಣೆ ಮೆತ್ತಿಕೊಂಡು ಬಂದಿದ್ದು. ಅವಳು ಹೇಳುವಾಗ ನಾನು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ. ಎಷ್ಟು ಎಳೆದರೂ ನೋವು ಎನ್ನುತ್ತಿರಲಿಲ್ಲ. ಎಂದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಭಯ.

ಆ ವರ್ಷ ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಊರಾಚೆಯ ಆಲೆಮನೆಗಳಿಂದ ಬೆಲ್ಲ ಕಾಯುವ ವಾಸನೆ ಬೀದಿಗೆಲ್ಲ ಹರಡುತ್ತಿದ್ದ ದಿನಗಳು. ಆ ಒಂದು ಭಾನುವಾರ ಅವ್ವ ಬಾಚುತ್ತ ಬಾಚುತ್ತ ಕೈ ಕೆಳಗಿಳಿಸಿ ಭುಜ ಒತ್ತಿಕೊಂಡಳು. ವಾರವಿಡೀ ದೊಡ್ಡ ಹಂಡೆಯಲ್ಲಿ ಮುದ್ದೆ ತೊಳಸಿದ ಕೈ ಅದು.

“ನಿನ್ ತಲೆ ಬಾಚೋದ್ರಲ್ಲೇ ನನ್ ಭಾನ್ವಾರ ಕಳ್ದೋಯ್ತದಲ್ಲ ಮಗ,” ಎಂದಳು. “ನೆಟ್ಟಗಿದ್ದಿದ್ರೆ ಇಬ್ರೂ ಸುಮ್ಕೆ ಕೂತ್ಕಬೋದಾಗಿತ್ತು.”

ಬೇಸರದಿಂದ ಹೇಳಿದ ಮಾತಲ್ಲ, ನಗುತ್ತಲೇ ಹೇಳಿದಳು. ನಾನು ಮಾತ್ರ ಅದನ್ನು ಗಂಟು ಕಟ್ಟಿಕೊಂಡೆ. ನನ್ನ ಕೂದಲು ನೆಟ್ಟಗಾದರೆ ಅವ್ವನ ಭುಜ ನೋಯುವುದಿಲ್ಲ, ಬಾಚುವ ಎರಡು ಗಂಟೆಯೂ ನಮಗೇ ಉಳಿಯುತ್ತದೆ, ಅಷ್ಟು ಹೊತ್ತೂ ಅವ್ವ ನನ್ನ ಮುಖ ನೋಡಿಕೊಂಡು ಮಾತಾಡುತ್ತಾಳೆ. ಲೆಕ್ಕ ನನಗೆ ಅಷ್ಟು ಸಲೀಸಾಗಿ ಕಂಡಿತು.

ದೊಡ್ಡವ್ವನ ಮನೆಗೆ ಅಂಟಿಕೊಂಡಂತೆ ಇಸ್ತ್ರಿ ಅಂಗಡಿಯ ಸಾಬರ ಮನೆ. ಮುಂದಿನ ಕೋಣೆಯೇ ಅಂಗಡಿ. ಅವರ ಮಗಳು ಶಬಾನಾ ಆಪಾ ಪಿಯುಸಿ ಓದುತ್ತಿದ್ದಳು. ಬೀದಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವಳೊಬ್ಬಳೇ. ಅಕ್ಕನ ಮದುವೆಗೆ ಅವಳು ತನ್ನ ಕೂದಲಿಗೆ ತಾನೇ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ನೀರಿನ ಹಾಗೆ ಇಳಿಬಿಟ್ಟಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಹೋಗಿ ಕೇಳಿದೆ. ಮೊದಲು ಆಗಲ್ಲ ಎಂದಳು. ಅವ್ವನಿಗೋಸ್ಕರ ಎಂದಮೇಲೆ ಒಪ್ಪಿದಳು.

“ಭಾನ್ವಾರ ಬೆಳಿಗ್ಗೆ ನಮ್ಮ ಅಬ್ಬಾ ಬಟ್ಟೆ ಕೊಟ್ಬರಕ್ಕೆ ಓಗ್ತಾರೆ. ಆಗ ಬಾ. ತಲೆ ಸೀಗೆ ಹಾಕಿ ತೊಳ್ಕೊಂಡಿರ್ಬೇಕು. ಒಂದು ತೊಟ್ಟು ಎಣ್ಣೆ ಇರ್ಬಾರ್ದು, ತಿಳೀತಾ?”

ಇಲ್ಲೇ ನಾನು ಎಡವಿದ್ದು. ನಮ್ಮ ಮನೆಗಳಲ್ಲಿ ಎಣ್ಣೆ ಇಲ್ಲದ ತಲೆಯೆಂದರೆ ದಿಕ್ಕಿಲ್ಲದವರ ತಲೆ. ಹುಟ್ಟಿದಾಗಿನಿಂದ ಕೂದಲು ಬಗ್ಗಲಿ ಎಂದು ಎಣ್ಣೆಯನ್ನೇ ಮೆತ್ತಿಸಿಕೊಂಡು ಬಂದವಳು ನಾನು. ಅಷ್ಟು ಮುಖ್ಯವಾದ ದಿನ ಎಣ್ಣೆ ಬೇಡ ಎಂದರೆ ನಂಬುವುದು ಹೇಗೆ? ಸೀಗೆ ಹಾಕಿ ತಲೆ ತೊಳೆದುಕೊಂಡೆ, ನಿಜ. ಆಮೇಲೆ ಯಾವುದಕ್ಕೂ ಇರಲಿ ಎಂದು ಅಂಗೈಯಲ್ಲಿ ಒಂದಿಷ್ಟು ಎಣ್ಣೆ ಸುರಿದುಕೊಂಡು ಎಡಗಡೆಗೆ ಸವರಿಕೊಂಡೆ. ಹೆಚ್ಚು ಮೊಂಡು ಬಿದ್ದಿದ್ದುದು ಎಡಗಡೆಯೇ. ಬಲಗಡೆಗೆ ಹಚ್ಚುವಷ್ಟರಲ್ಲಿ ದೊಡ್ಡವ್ವ ಕೂಗಿದಳೆಂದು ಡಬ್ಬಿ ಮುಚ್ಚಿಟ್ಟೆ.

ಮೇಜಿನ ಮೇಲೆ ಹಾಸಿದ ಕಂಬಳಿಗೆ ಕೆನ್ನೆ ಒತ್ತಿ ನಾನು ಸ್ಟೂಲಿನ ಮೇಲೆ ಕೂತೆ. ಶಬಾನಾ ಆಪಾ ಸಿಕ್ಕನ್ನು ಹೇಗೋ ಬಾಚಿ ಎಳೆದು, ಕೂದಲನ್ನು ಹರಡಿ, ಮೇಲೊಂದು ಹಳೇ ಪಂಚೆಯ ತುಂಡು ಹಾಸಿದಳು.

“ಎಣ್ಣೆ ಇಲ್ಲ ತಾನೆ?”

“ಇಲ್ಲ ಆಪಾ.”

“ಅಲ್ಲಾಡ್ಬೇಡ ಮತ್ತೆ. ಅಮ್ಮಿ ನೋಡಿದ್ರೆ ಇಬ್ರಿಗೂ ಬೀಳ್ತವೆ.”

ಕೆಂಡ ತುಂಬಿದ ಪೆಟ್ಟಿಗೆಯ ಕಾವು ಕಿವಿಯ ಹತ್ತಿರ ಬಂದಾಗ ನಾನು ಕಣ್ಣು ಮುಚ್ಚಿದೆ. ಬಲಗಡೆ ಬಿಸಿ ಬಟ್ಟೆಯ ವಾಸನೆ ಬಂತು. ಎಡಗಡೆಗೆ ಪೆಟ್ಟಿಗೆ ಇಟ್ಟಾಗ ಚುಂಯ್ ಎಂದಿತು, ಹೊಗೆ ಎದ್ದಿತು, ವಡೆ ಸೀದಂಥ ನಾತ. ಆಪಾ ಪೆಟ್ಟಿಗೆ ಎತ್ತಿಕೊಂಡು ನನ್ನ ಮುಖ ನೋಡಿದಳು. ನಾನು ನೋಡಲಿಲ್ಲ. ಅವಳು ಬಾಚಣಿಗೆ ಆಡಿಸಿ, ಕನ್ನಡಿ ಕೊಟ್ಟಳು. ಎರಡೂ ಕಡೆ ಕೂದಲು ಭುಜದ ಕೆಳಗೆ ನೆಟ್ಟಗೆ ಇಳಿದಿತ್ತು. ಎಡಗಡೆ ಕೊಂಚ ಒರಟು, ಅಷ್ಟೆ. ಯಾರದೋ ತಲೆಯನ್ನು ನೋಡಿದ ಹಾಗಾಯಿತು. ನನಗೆ ತಡೆಯಲಾರದಷ್ಟು ಖುಷಿಯಾಯಿತು.

ಹತ್ತು ಗಂಟೆಗೆ ಅವ್ವ ಗೇಟಿನ ಹತ್ತಿರ ಬಂದು ನಿಂತುಬಿಟ್ಟಳು.

“ಯಾರ್ ಮಗೀನೇ ಇದು?” ಎಂದಳು. ಹತ್ತಿರ ಬಂದು ಮುಟ್ಟಿ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ, ಎಣ್ಣೆಯ ವಿಷಯವೊಂದು ಬಿಟ್ಟು. ಬೈಯಲಿಲ್ಲ. “ಚೆಂದಾಗದೆ ಬುಡು,” ಎಂದಳು. ಜಗಲಿಯ ಮೇಲೆ ಕೂತು ಬಾಚಣಿಗೆ ಹಾಕಿದರೆ ಅದು ಎಲ್ಲೂ ನಿಲ್ಲದೆ ಕೆಳಗಿನ ತನಕ ಹೋಯಿತು. ಎರಡು ಜಡೆ ಹಾಕಿ ಟೇಪು ಕಟ್ಟಿದ್ದೂ ಆಯಿತು. ಐದು ನಿಮಿಷವೂ ಆಗಿರಲಿಲ್ಲ.

ನಾನು ಮೆಟ್ಟಿಲಿನಿಂದೆದ್ದು ಅವ್ವನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತೆ. ಕಾದೆ.

“ಮತ್ತೆ?” ಎಂದಳು ಅವ್ವ.

“ಏನಿಲ್ಲ.”

“ಚೆಂದಾಗಿ ಓದ್ಕತಿದ್ದೀಯಾ?”

“ಊಂ.”

ಅವ್ವ ತನ್ನ ಕೈ ತಾನೇ ನೋಡಿಕೊಂಡಳು. ಸೆರಗು ಸರಿಮಾಡಿಕೊಂಡಳು. ಬೀದಿಯಲ್ಲಿ ಹೋದ ಟ್ರಾಕ್ಟರನ್ನು ಇಬ್ಬರೂ ನೋಡಿದೆವು. ನಾನು ಏನಾದರೂ ಕೇಳಬೇಕಿತ್ತು, ಆದರೆ ನನಗೆ ಕೇಳಿ ಗೊತ್ತಿರಲಿಲ್ಲ. ಅವಳೇ ಹೇಳುತ್ತಿದ್ದಳಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಅಕ್ಕಂಗೆ ಒಸಿ ಕೈ ಆಕ್ತೀನಿ,” ಎಂದು ಒಳಗೆ ಹೋದಳು. ಕೊಟ್ಟಿಗೆ ಬಳಿದಳು, ಸಾರಿಗೆ ಅರೆದುಕೊಟ್ಟಳು, ಊಟ ಮಾಡಿ ಗೋಡೆಗೆ ಒರಗಿ ತೂಕಡಿಸಿದಳು. ಎದ್ದವಳೇ, “ಎಂಗೂ ಕೆಲ್ಸ ಇಲ್ವಲ್ಲ, ಎರಡ್ ಗಂಟೆ ಬಸ್ಗೇ ಓಯ್ತೀನಿ ಕನಕ್ಕ,” ಎಂದು ದೊಡ್ಡವ್ವನಿಗೆ ಹೇಳುವುದು ನನಗೆ ಕೇಳಿಸಿತು.

ನಾನು ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡು, ಜಡೆ ಬಿಚ್ಚಿ ಚೆಂಬು ಚೆಂಬು ತಣ್ಣೀರು ತಲೆಗೆ ಸುರಿದುಕೊಂಡೆ. ಕೂದಲು ಮತ್ತೆ ಸಿಕ್ಕಾಗಬೇಕು, ಅವ್ವ ಬಾಗಿಲ ಹೊರಗೆ ಚೀಲ ಕೆಳಗಿಟ್ಟು ‘ಬಾ ಇಲ್ಲಿ’ ಎನ್ನಬೇಕು, ನನಗೆ ಬೇಕಾಗಿದ್ದುದು ಅಷ್ಟೆ. ಬಲಗಡೆ ಕೂದಲು ನೀರು ಬಿದ್ದದ್ದೇ ಸುರುಟಿಕೊಂಡಿತು. ಎಡಗಡೆ ಮಾತ್ರ ಪೊರಕೆಯ ಹಂಚಿಕಡ್ಡಿಯ ಹಾಗೆ ಸೆಟೆದು ನಿಂತಿತ್ತು. ತಿಕ್ಕಿದೆ. ಒಂದು ಹಿಡಿ ಪುಡಿಯಾಗಿ ಕೈಗೇ ಬಂತು.

“ಬತ್ತೀನಿ ಕನ್ ಮಗ,” ಎಂದು ಬಾಗಿಲ ಹೊರಗೆ ಅವ್ವನ ದನಿ.

ಕೈಯಲ್ಲಿ ಕೂದಲು ಹಿಡಿದುಕೊಂಡು ಹೇಗೆ ಬಾಗಿಲು ತೆಗೆಯಲಿ? “ಊಂ,” ಎಂದೆ.

ಅವ್ವ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಅವಳ ಚಪ್ಪಲಿ ಸದ್ದು ಆಮೇಲೆ ಕೇಳಿಸಿತು. ನಾನು ಈಚೆಗೆ ಬಂದಾಗ ಬೀದಿಯಲ್ಲಿ ಯಾರೂ ಇರಲಿಲ್ಲ.

ಮುಂದಿನ ಭಾನುವಾರ ಅವ್ವ ನನ್ನ ತಲೆ ನೋಡಿದವಳೇ ಒಳಗಿಂದ ಕತ್ತರಿ ತಂದು ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿದಳು. ಸುಟ್ಟ ಭಾಗ ಹೋಗಬೇಕಾದರೆ ಬೇರೆ ದಾರಿ ಇರಲಿಲ್ಲ. ಅಷ್ಟು ಗಿಡ್ಡ ತಲೆಗೆ ಬಾಚಲು ಏನಿದೆ? ಅದು ಮತ್ತೆ ಬೆಳೆದು ಜಡೆಗೆ ಸಿಗುವ ಹೊತ್ತಿಗೆ ನಾನು ಏಳನೇ ಕ್ಲಾಸು, ನನ್ನ ಸಿಕ್ಕು ನಾನೇ ಬಿಡಿಸಿಕೊಳ್ಳಲು ಕಲಿತಿದ್ದೆ. ಅವ್ವ ಭಾನುವಾರ ಬರುತ್ತಿದ್ದಳು, ದೊಡ್ಡವ್ವನ ಜೊತೆ ಅಡುಗೆಮನೆಯಲ್ಲಿ ಇರುತ್ತಿದ್ದಳು. ನಾನು ಜಗಲಿಯ ಮೇಲೆ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಬಾ ಎಂದು ಅವಳು ಕರೆಯಲಿ ಎಂದು ನಾನು ಕಾಯುತ್ತಿದ್ದೆ.

ಈಗ ಅವ್ವ ನನ್ನ ಜೊತೆ ಶ್ರೀರಂಗಪಟ್ಟಣದಲ್ಲಿದ್ದಾಳೆ. ಕೆಲಸ ಬಿಟ್ಟು ಮೂರು ವರ್ಷವಾಯಿತು. ಮೊನ್ನೆ ನನ್ನ ಸಹೋದ್ಯೋಗಿಯೊಬ್ಬಳು ಪಾರ್ಲರಿನಲ್ಲಿ ಕೂದಲು ನೇರ ಮಾಡಿಸಿಕೊಂಡು ಮನೆಗೆ ಬಂದಿದ್ದಳು. ಅವಳು ಹೋದಮೇಲೆ ಅವ್ವ ತಾನಾಗಿಯೇ ಆ ಹಳೆಯ ದಿನದ ಮಾತು ತೆಗೆದಳು.

“ಅವತ್ತು ನೀನು ಬಚ್ಲಿಂದ ಈಚ್ಗೆ ಬರ್ನಿಲ್ಲ. ಸರಿ, ಮಗ ದೊಡ್ಡೋಳಾಯ್ತು, ಇನ್ನು ನಾನು ಬ್ಯಾಡ ಅನ್ಕಂಡೆ. ಚಿನಕುರ್ಳಿ ಬರಗಂಟ ಬಸ್ನಲ್ಲಿ ಅತ್ಕಂಡೇ ಓದೆ.”

ನಾನು ಯಾಕೆ ಬಾಗಿಲು ಹಾಕಿಕೊಂಡಿದ್ದೆ ಎಂದು ಆಗ ಹೇಳಿದೆ. ಅವ್ವ ಕೇಳಿಸಿಕೊಂಡಳು. “ಅಂಗಾ,” ಎಂದಳು.

ಅಪ್ಪ ಹೆಣ್ಣು ನೋಡಲು ಬಂದದ್ದು ನನಗೆ ಗೊತ್ತು. ಕಬ್ಬಿನ ಗದ್ದೆಯೂ ಗೊತ್ತು. ನನ್ನ ಅವ್ವನ ಬಗ್ಗೆ ನನಗೆ ತಿಳಿದಿರುವುದೆಲ್ಲ ನನ್ನ ಐದನೇ ಕ್ಲಾಸಿಗೆ ಮುಗಿದುಹೋಗುತ್ತದೆ. ಅದರಾಚೆ ಇಪ್ಪತ್ತು ವರ್ಷ ಅವಳು ಆ ಹಾಸ್ಟೆಲಿನಲ್ಲಿ ಹೇಗಿದ್ದಳು, ಯಾರ ಜೊತೆ ನಕ್ಕಳು, ಜ್ವರ ಬಂದಾಗ ಯಾರು ನೀರು ಕೊಟ್ಟರು, ಒಂದೂ ನನಗೆ ಗೊತ್ತಿಲ್ಲ. ಈಗ ಕೇಳಲು ಕಲಿತಿದ್ದೇನೆ. ದಿನಾ ಕೇಳುತ್ತೇನೆ.

“ಏನದೆ ಏಳಕ್ಕೆ,” ಎನ್ನುತ್ತಾಳೆ ಅವ್ವ. “ಅಂಗೇ ಕಳ್ದೋಯ್ತು.”