ಅಮೆರಿಕ ಬಾಗಿಲು ಮುಚ್ಚಿದಾಗ ಶಮೀಮಾ

ಆಯಿಶತ್ ಶಮೀಮಾ ಕುವೈತಿನ ಮಂಗಫ್‌ನಲ್ಲಿರುವ ನಮ್ಮ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದವಳು. ಉಳ್ಳಾಲದ ಬ್ಯಾರಿ ಹೆಂಗಸು. ಗಂಡ ತೀರಿಹೋದ ಮೇಲೆ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಕುವೈತಿಗೆ ಬಂದಿದ್ದಳು. ಮರುಭೂಮಿಯಲ್ಲಿರುವ ಒಂದು ಅಮೆರಿಕನ್ ಸೈನಿಕ ಶಿಬಿರದ ಲೈಬ್ರರಿಯಲ್ಲಿ ಅವಳ ಕೆಲಸ. ಸಂಬಳ, ವೀಸಾ ಎಲ್ಲ ಇಲ್ಲಿನ ಒಂದು ಗುತ್ತಿಗೆ ಕಂಪನಿಯದ್ದು.

ಆ ಲೈಬ್ರರಿಯಲ್ಲಿ ಒಂದು ಸಣ್ಣ ಕೋಣೆಯಿತ್ತು. ಸೈನಿಕರು ಅಲ್ಲಿ ಕೂತು ಮಕ್ಕಳ ಕಥೆಪುಸ್ತಕ ಓದುವುದು, ಶಮೀಮಾ ಅದನ್ನು ವಿಡಿಯೊ ಮಾಡಿ ಅವರವರ ಮನೆಯ ಮಕ್ಕಳಿಗೆ ಕಳುಹಿಸುವುದು.

"ಆರಡಿ ಗಂಡಸು ಲಿಜ್ಜಿಯಕ್ಕ, ಕೈ ತುಂಬ ಹಚ್ಚೆ. ಮೊಲದ ಕಥೆ ಓದ್ತಾ ಓದ್ತಾ ಬುಕ್ಕು ಕೆಳಗಿಳಿಸಿ ಕಣ್ಣು ಒರೆಸಿಕೊಂಡ," ಎಂದು ಸಂಜೆ ಬಂದು ನನಗೆ ಹೇಳುತ್ತಿದ್ದಳು. "ಬುಕ್ಕು ಸ್ವಲ್ಪ ಮೇಲೆ ಹಿಡೀರಿ ಸರ್, ಮಗುವಿಗೆ ಚಿತ್ರ ಕಾಣ್ಬೇಕು ಅಂತ ಹೇಳಿ ನಾನು ಆಚೆ ನೋಡ್ದೆ."

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಟಿವಿಯಲ್ಲಿ ಒಂದೇ ಸುದ್ದಿ. ವಾಷಿಂಗ್ಟನ್‌ನಲ್ಲಿ ಎರಡು ಪಕ್ಷಗಳೂ ಬಜೆಟ್ಟಿನ ವಿಷಯದಲ್ಲಿ ಹಟ ಹಿಡಿದಿವೆ, ಗಡುವಿನೊಳಗೆ ಒಪ್ಪದಿದ್ದರೆ ಸರ್ಕಾರಿ ಕಚೇರಿಗಳು ಮುಚ್ಚುತ್ತವೆ ಎಂದು. ನನ್ನ ಗಂಡ ಕ್ಲೆಮೆಂಟ್ ಶುವೈಖ್‌ನಲ್ಲಿ ಗ್ಯಾರೇಜು ನೋಡಿಕೊಳ್ಳುವವರು, ಇಂಥ ಸುದ್ದಿ ಬಹಳ ಕೇಳಿದ್ದಾರೆ.

"ಹೀಗೆ ಹೆದರಿಸುವುದು ಅವರಿಗೆ ಅಭ್ಯಾಸ. ಕಡೇ ಗಳಿಗೆಯಲ್ಲಿ ರಾಜಿ ಆಗ್ತಾರೆ, ನೋಡ್ತಾ ಇರು," ಎಂದರು.

"ಸರ್ಕಾರಕ್ಕೆ ಶಟರ್ ಎಳೀಲಿಕ್ಕೆ ಆಗ್ತದಾ ಕ್ಲೆಮೆಂಟಣ್ಣ? ಅದೆಂತ ಅಂಗಡಿಯಾ?" ಎಂದು ಶಮೀಮಾ ನಕ್ಕಳು. ನಾವೂ ನಕ್ಕೆವು.

ರಾಜಿ ಆಗಲಿಲ್ಲ. ಅಕ್ಟೋಬರ್ ಒಂದರ ಬೆಳಿಗ್ಗೆ ಎಂದಿನಂತೆ ಕಂಪನಿ ಬಸ್ಸಿನಲ್ಲಿ ಹೋದವಳು ಮಧ್ಯಾಹ್ನಕ್ಕೆ ಮುಂಚೆಯೇ ವಾಪಸು ಬಂದಳು. ಚಪ್ಪಲಿ ಕೂಡ ಬಿಡದೆ ಸೋಫಾದಲ್ಲಿ ಕೂತಳು. ಗೇಟಿನಲ್ಲಿ ಅವಳ ಪಾಸು ಕೆಲಸ ಮಾಡಲಿಲ್ಲವಂತೆ. ಲೈಬ್ರರಿಯ ಅಮೆರಿಕನ್ ಮೇಡಂ ಗೇಟಿನ ತನಕ ಬಂದು, ಅತ್ಯಗತ್ಯವಲ್ಲದ ಕೆಲಸವೆಲ್ಲ ನಿಂತಿದೆ, ತನ್ನ ಕೆಲಸವೂ ನಿಂತಿದೆ ಎಂದರಂತೆ.

"ಅತ್ಯಗತ್ಯ ಅಲ್ಲ ಅಂತ ನಮ್ಮದು," ಎಂದಳು ಶಮೀಮಾ. "ಗೇಟ್ ಕಾಯುವವ ಬೇಕಂತೆ. ಮಕ್ಕಳಿಗೆ ಕಥೆ ಕಳಿಸುವವಳು ಬೇಡವಂತೆ."

ಇವತ್ತು ತೆರೆಯುತ್ತದೆ, ನಾಳೆ ತೆರೆಯುತ್ತದೆ ಎಂದು ಕಾದಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಸ್ಕಾರ್ಫಿಗೆ ಪಿನ್ನು ಚುಚ್ಚಿ, ಫೋನು ಹಿಡಿದು ಕೂರುತ್ತಿದ್ದಳು. ಟಿವಿಯಲ್ಲಿ ಒಬ್ಬರು ಇನ್ನೊಬ್ಬರನ್ನು ದೂರುತ್ತಿದ್ದರೇ ಹೊರತು ಯಾರೂ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. ಅಕ್ಟೋಬರ್ ಹೀಗೇ ಮುಗಿಯಿತು.

ನವೆಂಬರ್ ಮೊದಲಲ್ಲಿ ಕಂಪನಿಯಿಂದ ಕರೆ ಬಂತು. ಬೇರೆ ಕಡೆ ಕೆಲಸ ಕೊಡುತ್ತಾರೆಂದೇ ನಾವು ಭಾವಿಸಿದ್ದೆವು. ಮಿರ್ಕಾಬ್‌ನಲ್ಲಿದ್ದ ಅವರ ಕಚೇರಿಗೆ ನಾನೂ ಜೊತೆಗೆ ಹೋದೆ. ಅಲ್ಲಿನ ಮ್ಯಾನೇಜರ್ ಲೆಸ್ಟರ್ ನಮ್ಮ ಬಂಟ್ವಾಳದ ಕಡೆಯವನೇ, ಚರ್ಚಿನಲ್ಲಿ ಕಂಡ ಮುಖ.

"ಲಿಜ್ಜಿಬಾಯಿ, ಹೇಗೆ ಹೇಳುವುದು ಗೊತ್ತಾಗುವುದಿಲ್ಲ," ಎಂದ. "ಕೆಲಸ ಇಲ್ಲದವರನ್ನು ಇಟ್ಕೊಳ್ಳುವುದಿಲ್ಲ ಅಂತ ವೀಸಾ ಕೊಟ್ಟ ಕಫೀಲ್ ಹೇಳಿಬಿಟ್ರು. ಇವಳ ಇಕಾಮಾ, ಇಲ್ಲಿ ಇರುವ ಪರ್ಮಿಟ್ಟೇ, ಕ್ಯಾನ್ಸಲ್ ಆಗಿದೆ. ಖಲಾಸ್."

ನಾನು ಕುರ್ಚಿ ಮುಂದೆ ಎಳೆದುಕೊಂಡೆ. "ಕೇಳದೆ ಕ್ಯಾನ್ಸಲ್ ಮಾಡಿದ್ದಾ? ಇವತ್ತೋ ನಾಳೆಯೋ ಅಮೆರಿಕದವರು ರಾಜಿ ಆಗ್ತಾರೆ ಲೆಸ್ಟರ್. ಸ್ವಲ್ಪ ತಡೀಲಿಕ್ಕೆ ಆಗ್ಲಿಲ್ವಾ? ವೀಸಾ ಬದಲಿಸಿ ಬೇರೆ ಕಂಪನಿಗಾದರೂ ಬಿಟ್ಟುಕೊಡಬಹುದಿತ್ತು."

"ನಾನೂ ಅದನ್ನೇ ಕೇಳಿದೆ ಲಿಜ್ಜಿಬಾಯಿ. ಒಪ್ಪಲಿಲ್ಲ."

ಶಮೀಮಾ ಅಳಲಿಲ್ಲ. "ಅವರ ಜಗಳದಲ್ಲಿ ನಾನೆಂತ ಮಾಡಿದೆ ಸಾರ್?" ಎಂದಷ್ಟೇ ಕೇಳಿದಳು. ಲೆಸ್ಟರ್ ಎದ್ದು ಹೋಗಿ ಅವಳಿಗೆ ಒಂದು ಬಾಟಲಿ ನೀರು ತಂದುಕೊಟ್ಟ.

ವಾರದೊಳಗೆ ಅವಳು ಊರಿಗೆ ಹೋದಳು. ವಿಮಾನ ನಿಲ್ದಾಣದಲ್ಲಿ ಕ್ಲೆಮೆಂಟ್ ಅವಳ ಪೆಟ್ಟಿಗೆ ಎತ್ತಿ ಇಡುವಾಗಲೂ, ಕಂಪನಿಯಿಂದ ಫೋನ್ ಬಂದರೆ ತಿಳಿಸಿ ಅಣ್ಣ ಎಂದಳು.

ಅವಳು ಹೋಗಿ ಎರಡು ದಿನ ಕಳೆದಿತ್ತೋ ಇಲ್ಲವೋ, ನಾನು ಅಡುಗೆಮನೆಯಲ್ಲಿ ಬಂಗುಡೆ ತೊಳೆಯುತ್ತಿದ್ದೆ. "ಲಿಜ್ಜಿ, ಬಾ ಇಲ್ಲಿ," ಎಂದು ಕ್ಲೆಮೆಂಟ್ ಕೂಗಿದರು. ವಾಷಿಂಗ್ಟನ್‌ನಲ್ಲಿ ಒಪ್ಪಂದವಾಗಿ, ಮಸೂದೆಗೆ ಸಹಿ ಬಿದ್ದು, ಸರ್ಕಾರ ತೆರೆದಿತ್ತು. ಪರದೆಯ ಮೇಲೆ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಮೀನಿನ ಕೈಯಲ್ಲೇ ನಿಂತುಬಿಟ್ಟೆ. ಕ್ಲೆಮೆಂಟ್ ಟಿವಿ ಆರಿಸಿದರು.

ಅವಳಿಗೆ ತಿಳಿಸುವುದು ಹೇಗೆಂದು ಯೋಚಿಸುತ್ತಿರುವಾಗ ಅವಳದ್ದೇ ಕರೆ ಬಂತು. ಅಮೆರಿಕನ್ ಮೇಡಂ ಫೋನ್ ಮಾಡಿದ್ದರಂತೆ, ಬಹಳ ಖುಷಿಯಲ್ಲಿ.

"ಸೋಮವಾರದಿಂದ ಬಾ ಅಂದ್ರು ಲಿಜ್ಜಿಯಕ್ಕ. ನಾನು ಊರಲ್ಲಿದ್ದೇನೆ ಮೇಡಂ ಅಂದೆ. ರಜೆಯಾ ಅಂತ ಕೇಳಿದ್ರು. ಅಲ್ಲ ಮೇಡಂ, ನನ್ನ ವೀಸಾ ತೆಗೆದ್ರು ಅಂದೆ. ಅವರಿಗೆ ಗೊತ್ತೇ ಇರ್ಲಿಲ್ಲ! ಅವರ ಹಾಗೆ ನಾವೂ ಮನೆಯಲ್ಲಿ ಕೂತು, ತೆರೆದ ಮೇಲೆ ಬರ್ತೇವೆ ಅಂತ ಎಣಿಸಿದ್ರು. ಲೈನ್ ಕಟ್ಟಾಯ್ತು ಅಂತ ನಾನು ಹಲೋ ಹಲೋ ಅಂದೆ. ಅಳ್ತಾ ಇದ್ರು."

ಮೇಡಂಗೆ ನಿಂತಿದ್ದ ಸಂಬಳವೆಲ್ಲ ಕೈಸೇರಿತು. ಶಮೀಮಾಳಂಥ ಗುತ್ತಿಗೆಯವರ ವಿಷಯ ಯಾರೂ ಎತ್ತಲಿಲ್ಲ. ಅವಳನ್ನು ವಾಪಸು ಕರೆಸಿ ಎಂದು ಮೇಡಂ ಕಂಪನಿಗೆ ಬರೆದರಂತೆ. ಆ ಜಾಗಕ್ಕೆ ಬೇರೊಬ್ಬಳನ್ನು ಗೊತ್ತು ಮಾಡಿಯಾಗಿದೆ ಎಂದು ಉತ್ತರ ಬಂತಂತೆ.

ಜನವರಿ ಕೊನೆಗೆ ವಾಷಿಂಗ್ಟನ್‌ನಲ್ಲಿ ಮತ್ತೊಂದು ಗಡುವು, ಮತ್ತದೇ ಹಟ. ಶಮೀಮಾ ಈಗ ತೊಕ್ಕೊಟ್ಟಿನ ಒಂದು ಬಟ್ಟೆ ಅಂಗಡಿಯಲ್ಲಿದ್ದಾಳೆ. ಮಗಳು ಜೊತೆಗಿದ್ದಾಳೆ, ಅದೊಂದು ಸಮಾಧಾನ ಎನ್ನುತ್ತಾಳೆ. ಆದರೆ ಅಂಗಡಿಯವರು ಒಂದು ದಿನ ರಜೆ ಎಂದರೂ, ಮರುದಿನ ಬಾಗಿಲು ತೆರೆದಿರುವುದನ್ನು ಕಣ್ಣಾರೆ ಕಾಣುವವರೆಗೂ ಊಟ ಸೇರುವುದಿಲ್ಲವಂತೆ.